ಕಾಣದ ನ್ಯೂನತೆಗೆ ಕಾಗದದ ಸಾಕ್ಷಿ

"ಕೈಕಾಲು ಗಟ್ಟಿಯಾಗಿದೆ, ಕಣ್ಣು ಕಿವಿ ಸರಿಯಿದೆ. ಇವನಿಗೆ ಎಂಥ ಅಂಗವಿಕಲ ಸರ್ಟಿಫಿಕೇಟು?"

ಮನೆಯಲ್ಲಿ ಬಹುಕಾಲದ ಮಾನಸಿಕ ಕಾಯಿಲೆಯವರಿರುವ ಕುಟುಂಬಕ್ಕೆ ಈ ಪ್ರಶ್ನೆ ಹೊಸದಲ್ಲ. ನೆಂಟರು ಕೇಳುತ್ತಾರೆ, ನೆರೆಯವರು ಕೇಳುತ್ತಾರೆ, ಆಸ್ಪತ್ರೆಯ ಸಾಲಿನಲ್ಲಿ ಹಿಂದೆ ನಿಂತವರೂ ಕೇಳುತ್ತಾರೆ. ಕೇಳಿದವರದೇ ಪೂರ್ತಿ ತಪ್ಪೆನ್ನಲಾಗದು. 'ಅಂಗವಿಕಲ' ಎಂಬ ಮಾತಿನೊಳಗೇ ಅಂಗ ಕುಳಿತಿದೆ. ಊರುಗೋಲು, ಕಪ್ಪು ಕನ್ನಡಕ, ಕಿವಿಗೆ ಸಿಕ್ಕಿಸಿದ ಯಂತ್ರ, ಹೀಗೆ ಕಣ್ಣಿಗೆ ಕಂಡದ್ದನ್ನು ಮಾತ್ರ ಆ ಪದ ಒಳಗೆ ಬಿಟ್ಟುಕೊಂಡಿತು. ಮುಂದೆ ಕರ್ನಾಟಕ ಸರ್ಕಾರ ಅದನ್ನು ಕೈಬಿಟ್ಟು 'ವಿಕಲಚೇತನ' ಎಂಬ ಪದವನ್ನು ಬಳಕೆಗೆ ತಂದಿತು. ಕಾಲು ಕಳೆದುಕೊಂಡವನ ಚೇತನ ಹೇಗೆ ವಿಕಲವಾಯಿತು ಎಂದು ಯಾರಾದರೂ ಜಗಳಕ್ಕೆ ಬಂದರೆ ಉತ್ತರವಿಲ್ಲ. ಅಕ್ಷರಶಃ ನೋಡಿದರೆ ಆ ಪದ ಹತ್ತಿರವಾಗುವುದು ಮನಸ್ಸಿನ ಕಾಯಿಲೆಯವರಿಗೇ. ಆದರೆ ಆ ಹೆಸರಿನ ಪಿಂಚಣಿ, ಕಾರ್ಡು, ರಿಯಾಯಿತಿಗಳ ಸಾಲಿನಲ್ಲಿ ಅವರು ಕಾಣಸಿಗುವುದೇ ಅಪರೂಪ.

2011ರ ಜನಗಣತಿಯಲ್ಲಿ ದೇಶದಲ್ಲಿ ನ್ಯೂನತೆಯುಳ್ಳವರು ಸುಮಾರು 2.68 ಕೋಟಿ ಎಂದು ಲೆಕ್ಕ ಸಿಕ್ಕಿತು. ಮಾನಸಿಕ ಕಾಯಿಲೆಯಿಂದ ಹಾಗಾದವರು ಅದರಲ್ಲಿ ಏಳು ಲಕ್ಷದ ಆಸುಪಾಸು ಮಾತ್ರ. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಬೇರೆಯೇ ಚಿತ್ರ ಕೊಟ್ಟಿತು. ವಯಸ್ಕರಲ್ಲಿ ಸಾವಿರಕ್ಕೆ ಎಂಟು ಮಂದಿಗೆ ಆ ಹೊತ್ತಿನಲ್ಲಿ ತೀವ್ರ ಸ್ವರೂಪದ ಮಾನಸಿಕ ಕಾಯಿಲೆ ಇತ್ತು. ಅಂಥ ನಾಲ್ವರಲ್ಲಿ ಮೂವರಿಗೆ ದುಡಿಮೆ, ಸಂಸಾರ, ಒಡನಾಟಗಳಲ್ಲಿ ಗಣನೀಯ ತೊಡಕು ಇತ್ತು. ಎರಡು ಲೆಕ್ಕಗಳ ನಡುವಿನ ಅಂತರ ಎಲ್ಲಿ ಹೋಯಿತು? ಗಣತಿಯವರು ಬಾಗಿಲಿಗೆ ಬಂದಾಗ ಒಳಕೋಣೆಯಲ್ಲಿದ್ದವರ ವಿಷಯವನ್ನು ಮನೆಯವರು ಹೇಳಲಿಲ್ಲ ಎಂದು ಊಹಿಸಿದರೆ ತಪ್ಪಾಗಲಾರದು.

ಕಾನೂನು ನಡೆದು ಬಂದ ದಾರಿ

1912ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆಯ ಹೆಸರೇ ಇಂಡಿಯನ್ ಲೂನಸಿ ಆಕ್ಟ್. ಯಾರನ್ನು ಹಿಡಿದು ಆಸ್ಪತ್ರೆಗೆ ಸೇರಿಸಬೇಕು, ಅವರ ಆಸ್ತಿಯನ್ನು ಯಾರು ನೋಡಿಕೊಳ್ಳಬೇಕು ಎಂಬುದಷ್ಟೇ ಅದರ ಚಿಂತೆ. 1987ರ ಮಾನಸಿಕ ಆರೋಗ್ಯ ಕಾಯಿದೆ ಹೆಸರನ್ನು ಸಭ್ಯಗೊಳಿಸಿತಾದರೂ ಅದರ ಗಮನವೂ ಬಹುಮಟ್ಟಿಗೆ ಆಸ್ಪತ್ರೆಯ ಗೇಟಿನಲ್ಲೇ ಇತ್ತು. ಗೇಟು ದಾಟಿ ಊರಿಗೆ ಮರಳಿದವನು ಏನು ಉಣ್ಣಬೇಕು ಎಂಬ ಪ್ರಶ್ನೆಯನ್ನು ಎರಡೂ ಕಾಯಿದೆಗಳು ಕೇಳಲಿಲ್ಲ.

ಆ ಪ್ರಶ್ನೆಗೆ ಮೊದಲ ಬಾಗಿಲು ತೆರೆದದ್ದು 1995ರ ಅಂಗವಿಕಲರ ಕಾಯಿದೆ. ಅದು ಪಟ್ಟಿ ಮಾಡಿದ ಏಳು ನ್ಯೂನತೆಗಳಲ್ಲಿ ಕೊನೆಯದು ಮಾನಸಿಕ ಕಾಯಿಲೆ. ಪಟ್ಟಿಯಲ್ಲಿ ಹೆಸರು ಬಂದರೂ ಎಲೆಗೆ ಊಟ ಬೀಳಲಿಲ್ಲ. ಸರ್ಕಾರಿ ಹುದ್ದೆಗಳ ಶೇಕಡಾ 3ರ ಮೀಸಲಾತಿಯನ್ನು ದೃಷ್ಟಿ, ಶ್ರವಣ, ಚಲನೆಯ ನ್ಯೂನತೆಗಳಿಗೆ ಹಂಚಿ ಮುಗಿಸಿದ್ದರು. ಅದಕ್ಕಿಂತ ದೊಡ್ಡ ತೊಡಕು ಅಳತೆಯದು. ಸವಲತ್ತಿಗೆ ಶೇಕಡಾ 40ರ ನ್ಯೂನತೆ ಇರಬೇಕೆಂದು ಕಾಯಿದೆ ಹೇಳಿತು. ಮೊಣಕಾಲಿನ ಕೆಳಗೆ ಕಾಲು ಹೋದರೆ ಎಷ್ಟು ಎಂಬುದಕ್ಕೆ ವೈದ್ಯರ ಬಳಿ ಕೋಷ್ಟಕವಿತ್ತು. ಯಾರಿಗೂ ಕೇಳದ ದನಿಗಳನ್ನು ಹದಿನೈದು ವರ್ಷದಿಂದ ಕೇಳುತ್ತಿರುವವನಿಗೆ ಶೇಕಡಾ ಎಷ್ಟು? ಎಕ್ಸ್-ರೇಯಲ್ಲಿ ಅದು ಬೀಳುವುದಿಲ್ಲ.

ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿಯ ಪುನರ್ವಸತಿ ಸಮಿತಿ ಈ ಕೆಲಸಕ್ಕೆ ಒಂದು ಅಳತೆಗೋಲು ತಯಾರಿಸಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದನ್ನು 'ಐಡಿಯಾಸ್' ಎನ್ನುತ್ತಾರೆ. 2002ರಲ್ಲಿ ಕೇಂದ್ರ ಸರ್ಕಾರ ಅದನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿತು. ಆಗ ಸ್ಕಿಜೋಫ್ರೀನಿಯಾ, ಬೈಪೋಲಾರ್ ಕಾಯಿಲೆ, ಗೀಳು ಕಾಯಿಲೆ, ಮುಪ್ಪಿನ ಮರೆವಿನ ಡಿಮೆನ್ಷಿಯಾ ಈ ನಾಲ್ಕಕ್ಕೆ ಮಾತ್ರ ಅದು ಅನ್ವಯಿಸುತ್ತಿತ್ತು. 2016ರ ಹೊಸ ಕಾಯಿದೆ ನ್ಯೂನತೆಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು; ಮಾನಸಿಕ ಕಾಯಿಲೆಯನ್ನು ರೋಗದ ಹೆಸರಿನಿಂದಲ್ಲದೆ, ಯೋಚನೆ, ಭಾವ, ಗ್ರಹಿಕೆ, ನೆನಪುಗಳು ಕೆಟ್ಟು ದಿನದ ಬದುಕಿಗೆ ಅಡ್ಡಿಯಾಗುವ ಸ್ಥಿತಿ ಎಂದು ವಿವರಿಸಿತು. ಉದ್ಯೋಗ ಮೀಸಲಾತಿ ಶೇಕಡಾ 4ಕ್ಕೆ ಏರಿತು. ಆಟಿಸಂ, ಬೌದ್ಧಿಕ ನ್ಯೂನತೆ ಮುಂತಾದವುಗಳೊಡನೆ ಹಂಚಿಕೊಳ್ಳಬೇಕಾದ ಶೇಕಡಾ 1ರಲ್ಲಿ ಮಾನಸಿಕ ಕಾಯಿಲೆಗೂ ಒಂದು ಪಾಲು ದಕ್ಕಿತು.

ನಾಲ್ಕು ಬಾಬ್ತು, ಇಪ್ಪತ್ತು ಅಂಕ

ಈ ಅಳತೆಗೋಲನ್ನು ಅರ್ಥಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಅದು ಕಾಯಿಲೆಯನ್ನು ಅಳೆಯುವುದಿಲ್ಲ, ಸಂಕಟವನ್ನೂ ಅಳೆಯುವುದಿಲ್ಲ. ಕಾಯಿಲೆ ಬದುಕಿನಿಂದ ಎಷ್ಟನ್ನು ಕಿತ್ತುಕೊಂಡಿದೆ ಎಂಬುದನ್ನು ಅಳೆಯುತ್ತದೆ.

ಮೊದಲನೆಯದು ಸ್ವಂತ ಆರೈಕೆ. ಸ್ನಾನ, ಊಟ, ಬಟ್ಟೆ ತಾನಾಗಿ ಆಗುತ್ತದೆಯೇ, ದಿನವೂ ಹೇಳಿಸಿಕೊಳ್ಳಬೇಕೇ? ಎರಡನೆಯದು ಜನರೊಡನೆ ಒಡನಾಟ. ಹುತ್ತರಿಯಲ್ಲಿ ಇಡೀ ಒಕ್ಕ ಐನ್‌ಮನೆಯಲ್ಲಿ ಸೇರಿದಾಗ ಈತ ಅಂಗಳಕ್ಕೆ ಬರುತ್ತಾನೆಯೇ, ಬಾಗಿಲು ಹಾಕಿಕೊಂಡು ಕೂರುತ್ತಾನೆಯೇ? ಮೂರನೆಯದು ಮಾತುಕತೆ ಮತ್ತು ಗ್ರಹಿಕೆ. ಅಂಗಡಿಯವನು ಹೇಳಿದ್ದು ತಿಳಿಯುತ್ತದೆಯೇ, ತನಗೆ ಬೇಕಾದ್ದನ್ನು ತಿಳಿಸಲು ಬರುತ್ತದೆಯೇ? ನಾಲ್ಕನೆಯದು ಕೆಲಸ, ಸಂಬಳದ ಕೆಲಸ, ಮನೆಗೆಲಸ, ಓದು ಮೂರೂ ಇದರಲ್ಲಿ ಸೇರಿವೆ. ಕಾಫಿ ಕೊಯ್ಲಿನಲ್ಲಿ ಉಳಿದವರು ಸಂಜೆಯವರೆಗೆ ಹಣ್ಣು ಬಿಡಿಸಿದರೆ, ಈಕೆ ಹತ್ತು ಗಂಟೆಗೇ ಗಿಡದ ಬುಡದಲ್ಲಿ ಸುಮ್ಮನೆ ನಿಂತುಬಿಡುತ್ತಾಳೆಯೇ?

ಒಂದೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ. ತೊಂದರೆ ಇಲ್ಲದಿದ್ದರೆ ಸೊನ್ನೆ, ಪೂರ್ತಿ ಕೈಮೀರಿದ್ದರೆ 4. ಇದರ ಮೇಲೆ ಕಾಯಿಲೆಯ ಅವಧಿಗೆ ಪ್ರತ್ಯೇಕ ಅಂಕ: ಎರಡು ವರ್ಷದೊಳಗಾದರೆ 1, ಐದು ವರ್ಷದವರೆಗೆ 2, ಹತ್ತರವರೆಗೆ 3, ಹತ್ತು ದಾಟಿದರೆ 4. ಹೀಗೆ ಒಟ್ಟು 20. ಮೊತ್ತ 7ರವರೆಗೆ ಇದ್ದರೆ ಅದು ಸೌಮ್ಯ, ಅಂದರೆ ಶೇಕಡಾ 40ಕ್ಕಿಂತ ಕಡಿಮೆ. 8ರಿಂದ 13 ಮಧ್ಯಮ, ಶೇಕಡಾ 40ರಿಂದ 70. 14ರಿಂದ 19 ತೀವ್ರ, ಶೇಕಡಾ 71ರಿಂದ 99. 20 ಬಂದರೆ ಪೂರ್ಣ ನೂರು.

ಒಂದು ಊಹೆಯ ಲೆಕ್ಕ ಮಾಡೋಣ. ಎಂಟು ವರ್ಷದಿಂದ ಸ್ಕಿಜೋಫ್ರೀನಿಯಾ ಇರುವ ಮೂವತ್ತೈದರ ಗಂಡಸು. ಹೇಳಿದರೆ ಸ್ನಾನ ಮಾಡುತ್ತಾನೆ: 1. ಅಮ್ಮನ ಹೊರತು ಯಾರೊಡನೆಯೂ ಬೆರೆಯುವುದಿಲ್ಲ: 2. ಕೇಳಿದ್ದಕ್ಕೆ ಒಂದೆರಡು ಮಾತಿನಲ್ಲಿ ಉತ್ತರ: 1. ತೋಟದ ಕೆಲಸ ಬಿಟ್ಟೇ ಹೋಗಿದೆ: 3. ಇಲ್ಲಿಗೆ 7. ಅವಧಿಗೆ 3 ಸೇರಿದರೆ 10. ಈತ ಹೊಸ್ತಿಲು ದಾಟಿದ. ಅದೇ ಸ್ಥಿತಿಯಲ್ಲಿರುವ, ಮನೆಯವರು ಆಸ್ಪತ್ರೆಗೆ ಕರೆದೊಯ್ಯಲು ನಾಚಿ ಎಂಟು ವರ್ಷವನ್ನೂ ಮುಚ್ಚಿಟ್ಟ ಇನ್ನೊಬ್ಬನಿಗೆ ಆ ಅವಧಿಯನ್ನು ತೋರಿಸುವ ಒಂದು ಚೀಟಿಯೂ ಇರುವುದಿಲ್ಲ. ಮುಚ್ಚಿಟ್ಟ ವರ್ಷಗಳನ್ನು ಆಮೇಲೆ ರುಜುವಾತು ಮಾಡುವುದು ಬಹಳ ಕಷ್ಟ.

ಇನ್ನೊಂದು ಚಿಕ್ಕ ಸಂಗತಿ ಇಲ್ಲಿ ಹೇಳಬೇಕು. ಆಸ್ಪತ್ರೆಗೆ ಹೋಗುವ ದಿನ ನಮ್ಮ ತಾಯಂದಿರು ಏನು ಮಾಡುತ್ತಾರೆ? ಮಗನಿಗೆ ಕ್ಷೌರ ಮಾಡಿಸಿ, ಬಿಸಿನೀರು ಹೊಯ್ದು, ಇಸ್ತ್ರಿ ಅಂಗಿ ತೊಡಿಸಿ, "ಡಾಕ್ಟರ ಹತ್ತಿರ ಸರಿಯಾಗಿ ಮಾತಾಡು ಮಗ" ಎಂದು ಹೇಳಿಕೊಟ್ಟು ಕರೆತರುತ್ತಾರೆ. ಮನೆತನದ ಮಾನದ ಪ್ರಶ್ನೆ. ಡಾಕ್ಟರು ಕೇಳಿದಾಗಲೂ "ಈಗ ಪರವಾಗಿಲ್ಲ ಸಾರ್, ಅವನ ಕೆಲಸ ಅವನೇ ಮಾಡ್ತಾನೆ" ಎನ್ನುತ್ತಾರೆ. ಆ ಒಂದು ಮಾತಿಗೆ ಎರಡು ಅಂಕ ಹೋಗಬಹುದು. ವೈದ್ಯರು ರೋಗಿಯನ್ನಷ್ಟೇ ಅಲ್ಲ, ಜತೆಗಿರುವವರನ್ನೂ ವಿಚಾರಿಸುವುದು ಕಟ್ಟುನಿಟ್ಟಾದ ಕ್ರಮ. ಆಗ ಹೇಳಬೇಕಾದದ್ದು ಇದ್ದದ್ದು ಇದ್ದ ಹಾಗೆ: ಯಾರು ಎಬ್ಬಿಸುತ್ತಾರೆ, ಯಾರು ಉಣ್ಣಿಸುತ್ತಾರೆ, ಮಾತ್ರೆ ಯಾರು ಕೊಡುತ್ತಾರೆ, ರಾತ್ರಿ ಯಾರು ಎಚ್ಚರವಿರುತ್ತಾರೆ. ಹೆಚ್ಚು ಮಾಡಿ ಹೇಳಬೇಕಿಲ್ಲ, ಮರೆಮಾಚಲೂಬಾರದು.

ವಿರಾಜಪೇಟೆಯಿಂದ ಮಡಿಕೇರಿಗೆ

2014ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಉದ್ದೇಶ, ಮನೋವೈದ್ಯರು ಸರದಿಯ ಮೇಲೆ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೇ ಬಂದು ರೋಗಿಗಳನ್ನು ನೋಡುವುದು. ವಿರಾಜಪೇಟೆಯಂಥ ತಾಲೂಕು ಕೇಂದ್ರಕ್ಕೆ ಇದರ ಬೆಲೆ ಬೆಂಗಳೂರಿನವರಿಗೆ ತಿಳಿಯಲಾರದು. ಮಳೆಗಾಲದಲ್ಲಿ ಮೂರ್ನಾಡಿನ ಮೇಲೆ ಹಾದು ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ, ಜನರ ನಡುವೆ ಕೂರಲಾರದ ಮಗಳನ್ನು ಕೂರಿಸಿಕೊಂಡು ಹೋಗಿಬರುವುದು ಒಂದು ದಿನದ ಕೂಲಿ ಮತ್ತು ಒಂದು ವಾರದ ನೆಮ್ಮದಿಯ ಖರ್ಚು. ಲೈನ್‌ಮನೆಯಲ್ಲಿರುವ ತೋಟದ ಕೆಲಸದವರಿಗೆ, ಹಾಡಿಗಳ ಯರವ, ಜೇನುಕುರುಬ ಕುಟುಂಬಗಳಿಗೆ ಇದು ಇನ್ನೂ ದೂರದ ದಾರಿ. ಆಧಾರ್, ಪಡಿತರ ಚೀಟಿ, ವಾಸದ ದಾಖಲೆ ಇವುಗಳಲ್ಲಿ ಒಂದು ತಪ್ಪಿದರೂ ಉಳಿದದ್ದು ಮುಂದೆ ಸಾಗುವುದಿಲ್ಲ.

ಕೆಲಸದ ಕ್ರಮ ಹೀಗಿದೆ. ಕೇಂದ್ರ ಸರ್ಕಾರದ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ ಕಂಪ್ಯೂಟರಿನ ಮೂಲಕ ಅರ್ಜಿ ಹಾಕಬೇಕು. ಬಳಿಕ ನಿಗದಿಯಾದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ಮಾನಸಿಕ ಕಾಯಿಲೆಗೆ ಮನೋವೈದ್ಯರೇ ನೋಡಬೇಕು. ಅರ್ಜಿ ತುಂಬಲು ಬಾರದವರಿಗೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ಹೆಚ್ಚಾಗಿ ನ್ಯೂನತೆಯುಳ್ಳವರೇ ಆದ್ದರಿಂದ ಸಾಲಿನಲ್ಲಿ ನಿಲ್ಲುವ ಕಷ್ಟ ಅವರಿಗೆ ಗೊತ್ತು. ಪ್ರಮಾಣಪತ್ರ ಕೈಗೆ ಬಂದ ಮೇಲೆ ಮಾಸಾಶನದ ಅರ್ಜಿ ನಾಡಕಚೇರಿಗೆ, ಮಂಜೂರಾತಿ ಕಂದಾಯ ಇಲಾಖೆಯಿಂದ.

ಮೊತ್ತ ದೊಡ್ಡದೇನಲ್ಲ. 2021ರಲ್ಲಿ ಶೇಕಡಾ 40ರಿಂದ 75ರ ನ್ಯೂನತೆಗೆ ತಿಂಗಳಿಗೆ 600 ಇದ್ದದ್ದನ್ನು 800 ರೂಪಾಯಿ ಮಾಡಿದರು. ನ್ಯೂನತೆ ಅದಕ್ಕಿಂತ ಹೆಚ್ಚಿದ್ದರೆ ಮೊತ್ತವೂ ಹೆಚ್ಚು. ಇದಕ್ಕೆ ಕುಟುಂಬದ ಆದಾಯದ ಮಿತಿಯುಂಟು. ಕೊಡಗಿನಲ್ಲಿ ಈ ಮಿತಿ ಒಂದು ವಿಚಿತ್ರ ಇಕ್ಕಟ್ಟು ತರುತ್ತದೆ. ಒಕ್ಕದ ಜಮ್ಮಾ ಭೂಮಿ ಪರಂಪರೆಯಿಂದ ಪಟ್ಟೇದಾರನ ಹೆಸರಿನಲ್ಲಿರುತ್ತದೆ. ಎಲ್ಲರಿಗೂ ಪಾಲಿದೆ ಎನ್ನುವುದು ಮಾತು. ಕಾಯಿಲೆಯ ತಮ್ಮನಿಗೆ ಆ ಪಾಲಿನಿಂದ ಬರುವುದು ಎರಡು ಹೊತ್ತಿನ ಊಟ ಮತ್ತು ಹಿಂದಿನ ಕೋಣೆ. ಹೊರಗಿನವರ ಕಣ್ಣಿಗೆ ಮಾತ್ರ ಆತ ತೋಟದ ಒಡೆಯ.

ಹಾಗಿದ್ದರೆ ಈ ಕಾಗದದಿಂದ ಏನು ಬಂತು ಎನ್ನಬೇಡಿ. ಮಾಸಾಶನ ಸಿಗದವರಿಗೂ ಬಸ್ ಪಾಸು, ಉನ್ನತ ಶಿಕ್ಷಣದಲ್ಲಿ ಶೇಕಡಾ 5ರ ಸೀಟು, ಉದ್ಯೋಗ ಮೀಸಲಾತಿ ಮುಂತಾದವಕ್ಕೆ ಇದೇ ಆಧಾರ. ಸರ್ಕಾರಿ ನೌಕರಿಯಲ್ಲಿರುವಾಗ ನ್ಯೂನತೆ ಬಂದರೆ ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದು 2016ರ ಕಾಯಿದೆ ಹೇಳುತ್ತದೆ. ಗೀಳು ಮತ್ತು ಖಿನ್ನತೆಯಿಂದ ಬಳಲುತ್ತಿದ್ದ ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಮೇಲೆ ಶಿಸ್ತುಕ್ರಮ ಹೂಡಿದ್ದನ್ನು ತಾರತಮ್ಯವೆಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಅವರಿಗೆ ಶೇಕಡಾ 40ರಿಂದ 70ರ ನ್ಯೂನತೆಯ ಪ್ರಮಾಣಪತ್ರವಿತ್ತು.

ಪ್ರಮಾಣಪತ್ರ ಮಾಡಿಸಲು ಹಿಂಜರಿಯುವವರ ಮನಸ್ಸಿನಲ್ಲಿರುವ ಭಯ ಬೇರೆ. 'ಹುಚ್ಚ' ಎಂದು ಸರ್ಕಾರದ ಮೊಹರು ಬೀಳುತ್ತದೆ, ತಂಗಿಯ ಮದುವೆ ನಿಲ್ಲುತ್ತದೆ, ಆಸ್ತಿಯ ಸಹಿ ನಡೆಯುವುದಿಲ್ಲ ಎಂಬ ಅಂಜಿಕೆ. ಮದುವೆಯ ಮಾತಿಗೆ ಕಾನೂನಿನಲ್ಲಿ ಔಷಧವಿಲ್ಲ. ಸಹಿಯ ಮಾತಿಗೆ ಇದೆ. ಮಾನಸಿಕ ಕಾಯಿಲೆ ಇದೆಯೆಂದ ಮಾತ್ರಕ್ಕೆ ಒಬ್ಬರ ಬುದ್ಧಿ ಸ್ವಸ್ಥವಲ್ಲವೆಂದು ತಿಳಿಯಬಾರದು, ಹಾಗೆ ಹೇಳುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬಿಡಿಸಿ ಹೇಳಿದೆ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಹುಟ್ಟಿನಿಂದ ಅಥವಾ ಎಳವೆಯಿಂದ ಬುದ್ಧಿಯ ಬೆಳವಣಿಗೆ ಕುಂಠಿತವಾಗಿರುವುದು ಬೌದ್ಧಿಕ ನ್ಯೂನತೆ; ಹಿಂದೆ ಬುದ್ಧಿಮಾಂದ್ಯ ಎನ್ನುತ್ತಿದ್ದರು. ಬೆಳೆದು, ಓದಿ, ದುಡಿಯುತ್ತಿದ್ದವರಿಗೂ ನಡುವೆ ಬರುವಂಥದ್ದು ಮಾನಸಿಕ ಕಾಯಿಲೆ. ಎರಡಕ್ಕೂ ಅಳತೆ ಬೇರೆ, ಕೆಲವು ಯೋಜನೆಗಳೂ ಬೇರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ವಿಮೆ, ಪೋಷಕತ್ವದ ವ್ಯವಸ್ಥೆಗಳು ಮೊದಲನೆಯದಕ್ಕೆ ಸಲ್ಲುತ್ತವೆ, ಎರಡನೆಯದಕ್ಕಿಲ್ಲ. ಅರ್ಜಿಯಲ್ಲಿ ತಪ್ಪು ಚೌಕಕ್ಕೆ ಗುರುತು ಹಾಕಿದರೆ ಮತ್ತೆ ಮೊದಲಿನಿಂದ ಬಸ್ಸು ಹತ್ತಬೇಕು.

ಸೇನೆಯ ಬಾಗಿಲು

ಕೊಡಗಿನ ಮಾತು ಬಂದ ಮೇಲೆ ಸೇನೆಯ ಮಾತು ಬಾರದಿರದು. ಸೈನಿಕರ ದೇಹಸ್ಥಿತಿಯನ್ನು ಗುರುತಿಸುವ 'ಶೇಪ್' ಎಂಬ ಪದ್ಧತಿಯಲ್ಲಿ ಐದು ಅಕ್ಷರಗಳಿವೆ. ಅದರಲ್ಲಿ ಮೊದಲನೆಯ 'ಎಸ್' ಮನಸ್ಸಿಗೆ ಸಂಬಂಧಿಸಿದ್ದು. ಕಿವಿ, ಕೈಕಾಲು, ಕಣ್ಣು ಆಮೇಲೆ. ಮನಸ್ಸನ್ನು ಇಷ್ಟು ಮುಂದೆ ಇಟ್ಟ ಪದ್ಧತಿಯಲ್ಲೇ ಮಾನಸಿಕ ಕಾಯಿಲೆಯಿಂದ ಮನೆಗೆ ಬಂದ ಜವಾನರು ಪಿಂಚಣಿಗಾಗಿ ದಶಕಗಟ್ಟಲೆ ಅಲೆದದ್ದುಂಟು.

ಕಾರಣ, ಈ ಬಾಗಿಲಿನಲ್ಲಿ ಕೇಳುವ ಪ್ರಶ್ನೆಯೇ ಬೇರೆ. ತಹಶೀಲ್ದಾರರ ಕಚೇರಿಗೆ ಬೇಕಾದ್ದು 'ಎಷ್ಟು' ಎಂಬುದು. ಸೇನೆಯ ವೈದ್ಯಕೀಯ ಮಂಡಳಿ 'ಎಷ್ಟು' ಎಂಬುದರ ಜತೆಗೆ 'ಯಾಕೆ' ಎಂದೂ ಕೇಳುತ್ತದೆ. ಶೇಕಡಾ 20 ಇದ್ದರೆ ಸಾಕು, ಆದರೆ ಆ ಕಾಯಿಲೆ ಸೇವೆಯಿಂದ ಬಂದಿರಬೇಕು ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು. ಎರಡೂ ಅಲ್ಲ ಎಂದು ಮಂಡಳಿ ಬರೆದರೆ ಕತೆ ಮುಗಿಯಿತು. ಆ ಇಂಗ್ಲಿಷ್ ಒಕ್ಕಣೆಯ ಮೊದಲಕ್ಷರಗಳನ್ನು ಸೇರಿಸಿ ಮಾಜಿ ಸೈನಿಕರು 'ನಾನಾ' ಎನ್ನುತ್ತಾರೆ. ಗುಂಡೇಟಿನ ಗಾಯಕ್ಕೆ ಕಾರಣ ಹುಡುಕಬೇಕಿಲ್ಲ. ಹಿಮದ ಗಡಿಯಲ್ಲಿ ಕಾವಲಿದ್ದು ಬಂದವನಿಗೆ ದನಿಗಳು ಕೇಳತೊಡಗಿದರೆ, ಅದು ಗಡಿಯಿಂದ ಬಂತೇ, ರಕ್ತದಲ್ಲಿ ಬಂತೇ?

2013ರಲ್ಲಿ ಸುಪ್ರೀಂ ಕೋರ್ಟ್ ಮೂರ್ಛೆ ಕಾಯಿಲೆಯ ಸೈನಿಕನೊಬ್ಬನ ಪ್ರಕರಣದಲ್ಲಿ ಒಂದು ನಿಯಮ ಹೇಳಿತು: ಭರ್ತಿಯ ಹೊತ್ತಿನ ದಾಖಲೆಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ ಅದು ಸೇವೆಯಲ್ಲೇ ಬಂದಿತೆಂದು ಭಾವಿಸಬೇಕು, ಅಲ್ಲವೆನ್ನುವವರು ಕಾರಣ ಕೊಡಬೇಕು. 2019ರಲ್ಲಿ ಸ್ಕಿಜೋಫ್ರೀನಿಯಾದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಕೊಂಚ ಹಿಂದೆ ಸರಿಯಿತು. ಮನಸ್ಸಿನ ಕಾಯಿಲೆ ಭರ್ತಿಯ ದಿನ ಕಾಣದಿರಬಹುದು, ಕಾಣಲಿಲ್ಲವೆಂದ ಮಾತ್ರಕ್ಕೆ ಅದನ್ನು ಸೇವೆಯ ತಲೆಗೆ ಕಟ್ಟಲಾಗದು ಎಂದಿತು. ಆ ಸೈನಿಕನಿಗೆ ಪಿಂಚಣಿ ದಕ್ಕಲಿಲ್ಲ. 2025ರ ಮೇ ತಿಂಗಳಲ್ಲಿ ತಕ್ಕಡಿ ಮತ್ತೆ ಈ ಕಡೆ ವಾಲಿತು. ತೊಂಬತ್ತರ ದಶಕದಲ್ಲಿ ಸ್ಕಿಜೋಫ್ರೀನಿಯಾದ ಹೆಸರಿನಲ್ಲಿ ಹೊರಬಂದ ಸೈನಿಕನ ವಿಷಯದಲ್ಲಿ ಮಂಡಳಿ ಕಾರಣವನ್ನೇ ಬರೆದಿರಲಿಲ್ಲ. ಕಾರಣವಿಲ್ಲದ ಅಭಿಪ್ರಾಯ ನಿಲ್ಲದು ಎಂದು ನ್ಯಾಯಾಲಯ ಆತನಿಗೆ ಪಿಂಚಣಿ ಕೊಡಿಸಿತು. ಮೂರನ್ನೂ ಒಟ್ಟಿಗೆ ಓದಿದರೆ ಸೈನಿಕನ ಮನೆಯವರು ಮೊದಲು ಕೇಳಿ ಪಡೆಯಬೇಕಾದ್ದು ಯಾವುದೆಂದು ತಿಳಿಯುತ್ತದೆ: ವೈದ್ಯಕೀಯ ಮಂಡಳಿಯ ನಡಾವಳಿಯ ಪ್ರತಿ.

ಇದಕ್ಕಿಂತ ಹೆಚ್ಚು ಮನೆಗಳಿಗೆ ಸಂಬಂಧಿಸಿದ, ಆದರೆ ಕಡಿಮೆ ಜನಕ್ಕೆ ಗೊತ್ತಿರುವ ಸಂಗತಿ ಒಂದಿದೆ. ಅದು ಸೈನಿಕನ ಕಾಯಿಲೆಯದಲ್ಲ, ಸೈನಿಕನ ಮಗನ ಅಥವಾ ಮಗಳ ಕಾಯಿಲೆಯದು. ಅಪ್ಪ ಸೇನೆಯಿಂದ ಅಥವಾ ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತನಾಗಿ, ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ, ನ್ಯೂನತೆಯಿಂದ ದುಡಿಯಲಾರದ ಮಕ್ಕಳಿಗೆ ಕುಟುಂಬ ಪಿಂಚಣಿ ಜೀವನಪರ್ಯಂತ ಸಲ್ಲುತ್ತದೆ. ಮಾನಸಿಕ ಕಾಯಿಲೆಯೂ ಇದರಲ್ಲಿ ಸೇರಿದೆ. ಹಿಂದೆ ಇಂಥ ಮಕ್ಕಳ ಸ್ವಂತ ಆದಾಯಕ್ಕೆ ತಿಂಗಳಿಗೆ 9,000 ರೂಪಾಯಿ ಮತ್ತು ತುಟ್ಟಿಭತ್ಯೆಯ ಮಿತಿಯಿತ್ತು. 2021ರಲ್ಲಿ ಅದನ್ನೂ ಸಡಿಲಿಸಿದರು. ತಿಂಗಳಿಗೆ 800 ರೂಪಾಯಿಯ ಮುಂದೆ ಇದು ಬದುಕು ನಿಲ್ಲಿಸುವ ಮೊತ್ತ.

ಆದರೆ ಹೆತ್ತವರು ಬದುಕಿದ್ದಾಗಲೇ ನ್ಯೂನತೆ ಇತ್ತೆಂದು ತೋರಿಸಬೇಕು. ಇಲ್ಲಿಗೆ ಮತ್ತೆ ಅದೇ ಮುಚ್ಚಿಟ್ಟ ವರ್ಷಗಳು ಬಂದು ಅಡ್ಡ ನಿಲ್ಲುತ್ತವೆ. ಅಪ್ಪ ಮರ್ಯಾದೆಗೆ ಅಂಜಿ ಮಗಳನ್ನು ದೂರದೂರಿನ ಖಾಸಗಿ ಡಾಕ್ಟರಿಗೆ ಗುಟ್ಟಾಗಿ ತೋರಿಸಿ, ಚೀಟಿಗಳನ್ನು ಬಚ್ಚಲೊಲೆಗೆ ಹಾಕಿದ್ದರೆ, ಅವನು ಹೋದ ಮೇಲೆ ಅಣ್ಣಂದಿರು ಯಾವುದನ್ನು ತೋರಿಸಬೇಕು? ಹಾಗಾಗದಿರಲೆಂದೇ ಪಿಂಚಣಿದಾರ ಬದುಕಿರುವಾಗಲೇ ನ್ಯೂನತೆಯುಳ್ಳ ಮಕ್ಕಳ ಹೆಸರನ್ನು ಪಿಂಚಣಿ ಆದೇಶದಲ್ಲಿ ಸೇರಿಸಿಕೊಳ್ಳಲು ಅವಕಾಶ ಮಾಡಿದ್ದಾರೆ. ಅದಕ್ಕೆ ಬೇಕಾದ್ದು ಪಿಂಚಣಿ ಆದೇಶದ ಪ್ರತಿ, ಮಗ ಅಥವಾ ಮಗಳ ಜನನದ ದಾಖಲೆ, ನ್ಯೂನತೆಯ ಪ್ರಮಾಣಪತ್ರ, ಮತ್ತು ಅಪ್ಪನದೇ ಕೈಯ ಒಂದು ಅರ್ಜಿ. ಸೇನೆಯವರಾದರೆ ಮಡಿಕೇರಿಯಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಅದನ್ನು ಬರೆಸಿ ರೆಕಾರ್ಡ್ ಆಫೀಸಿಗೆ ಕಳಿಸಬಹುದು. ಪ್ರಮಾಣಪತ್ರ ಇಲ್ಲದವರು ಅದಕ್ಕೂ ಮೊದಲು ಹೋಗಬೇಕಾದ್ದು ತಾಲೂಕು ಆಸ್ಪತ್ರೆಗೆ, ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ವಿಚಾರಿಸಿಕೊಂಡು, ಮನೆಯಲ್ಲಿ ಉಳಿದಿರುವ ಹಳೆಯ ಚೀಟಿಗಳಷ್ಟನ್ನೂ ಹಿಡಿದುಕೊಂಡು.